ಯುಗಾದಿ ಹೊತ್ತಿಗೆ ಮನೆ ತರಕಾರಿ ಶುರು ಮಾಡಬೇಕು: ಮೈಸೂರಿನ ಬಿಸಿಲಿಗೆ ಏನು ಹಾಕೋದು, ಮಣ್ಣು ಹೇಗೆ?

ಹಿತ್ತಲಿಗೆ_ಹೊಸಬಳು (ಕುವೆಂಪುನಗರ, ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮದು 30x40 ಸೈಟು. ಮನೆ ಹಿಂದೆ ಉತ್ತರಕ್ಕೆ 5 ಅಡಿ ಅಗಲ, 20 ಅಡಿ ಉದ್ದದ ಮಣ್ಣಿನ ಜಾಗ ಇದೆ. ತಾರಸಿ ಖಾಲಿ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತೆ, ಮಿಕ್ಕಿದ್ದಕ್ಕೆ ಬೋರ್. ಮನೇಲಿ ಐದು ಜನ. ಇಬ್ಬರು ಕೆಲಸಕ್ಕೆ ಹೋಗೋರು, ಮಕ್ಕಳಿಗೆ ಪರೀಕ್ಷೆ, ಅತ್ತೆಗೆ ಮಂಡಿ ನೋವು ಇರೋದ್ರಿಂದ ಮೆಟ್ಟಿಲು ಹತ್ತಲ್ಲ. ದಿನಕ್ಕೆ ಅರ್ಧ ಗಂಟೆ ಕೊಡಬಹುದು, ಅದಕ್ಕಿಂತ ಜಾಸ್ತಿ ಆಗಲ್ಲ.

ಕೇಳಬೇಕಾಗಿರೋದು: ನೆಲದಲ್ಲಿ ಹಾಕೋದಾ, ತಾರಸಿ ಮೇಲೆ ಗ್ರೋ ಬ್ಯಾಗಾ? ಮಣ್ಣಿಗೆ ಏನೇನು ಎಷ್ಟೆಷ್ಟು ಬೆರೆಸಬೇಕು? ಈಗ ಮಾರ್ಚಲ್ಲಿ ಯಾವ ಬೀಜ? ಟೊಮ್ಯಾಟೊ, ಕ್ಯಾರೆಟ್, ಅವರೆಕಾಯಿ ಬೇಕು ಅಂತ ಮಕ್ಕಳ ಪಟ್ಟಿ. ನೀರು ಎಷ್ಟು ಹಾಕಬೇಕು ಅನ್ನೋದೂ ಗೊತ್ತಿಲ್ಲ.

ಪಾತಿ_ಮಡಿ (ಮಂಡ್ಯ)

ಅತ್ತೆಯವರು ಮೆಟ್ಟಿಲು ಹತ್ತಲ್ಲ ಅಂದಮೇಲೆ ದಿನಾ ಕೈಗೆ ಸಿಗಬೇಕಾದ ಸೊಪ್ಪು ನೆಲದಲ್ಲೇ ಇರಲಿ ಮೇಡಂ. ತಾರಸಿ ಎರಡನೇ ಹಂತ.

ಉತ್ತರದ ಹಿತ್ತಲಿಗೆ ಬಿಸಿಲು ಬೀಳಲ್ಲ ಅಂತ ಎಷ್ಟೋ ಜನ ಬಿಟ್ಟುಬಿಡ್ತಾರೆ. ಬೇಸಿಗೆ ಮಟ್ಟಿಗೆ ಅದು ತಪ್ಪು. ಏಪ್ರಿಲ್ 22ರ ಆಸುಪಾಸಿನಲ್ಲಿ ಮೈಸೂರಿಗೆ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೇ ಇರ್ತಾನೆ, ಅಲ್ಲಿಂದ ಆಗಸ್ಟ್‌ವರೆಗೂ ಸ್ವಲ್ಪ ಉತ್ತರಕ್ಕೇ ವಾಲಿರ್ತಾನೆ. ಹಾಗಾಗಿ ನಿಮ್ಮ ಹಿಂದಿನ ಜಾಗಕ್ಕೆ ಈಗ ಬಿಸಿಲು ದಿನೇ ದಿನೇ ಹೆಚ್ಚುತ್ತೆ. ಅದೇ ಜಾಗ ಡಿಸೆಂಬರಲ್ಲಿ ಪೂರ್ತಿ ಮನೆ ನೆರಳಿಗೆ ಹೋಗುತ್ತೆ. ಅವರೆ, ಟೊಮ್ಯಾಟೊ ತರಹ ಚಳಿಗಾಲದಲ್ಲಿ ಬಿಡುವ ಗಿಡಗಳನ್ನು ಆಮೇಲೆ ತಾರಸಿಗೆ ಇಟ್ಕೊಳ್ಳಿ. ಒಂದು ರಜೆ ದಿನ ಬೆಳಿಗ್ಗೆ 8, 10, 12, 2, 4 ಗಂಟೆಗೆ ಹೋಗಿ ಬಿಸಿಲು ಎಲ್ಲೆಲ್ಲಿ ಬಿದ್ದಿದೆ ಅಂತ ಸುಣ್ಣದಲ್ಲಿ ಗೆರೆ ಹಾಕಿ. ಕಾಯಿ ಬಿಡೋ ಗಿಡಕ್ಕೆ ಆರು ಗಂಟೆ ಬಿಸಿಲು ಬೇಕು, ಸೊಪ್ಪಿಗೆ ಮೂರು ನಾಲ್ಕು ಗಂಟೆ ಸಾಕು.

ಇನ್ನು ಮಣ್ಣು. ಬಡಾವಣೆ ಮನೆಗಳ ಹಿತ್ತಲಲ್ಲಿ ಮೇಲೆ ಅರ್ಧ ಅಡಿ ಕೆಂಪು ಮಣ್ಣು, ಕೆಳಗೆ ಮನೆ ಕಟ್ಟಿದಾಗ ಬಿದ್ದ ಗಾರೆ, ಇಟ್ಟಿಗೆ ಚೂರು, ಟೈಲ್ಸ್ ಪುಡಿ ಇರುತ್ತೆ. ಗೊಬ್ಬರ ಎಷ್ಟು ಸುರಿದರೂ ಗಿಡ ಹಳದಿ ಆಗೋದಕ್ಕೆ ಮುಖ್ಯ ಕಾರಣ ಇದೇ: ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರ ಆಗುತ್ತೆ, ಬೇರಿಗೆ ಕಬ್ಬಿಣದ ಅಂಶ ಸಿಗಲ್ಲ. ಪರೀಕ್ಷೆ ಸುಲಭ. ಮೂರು ಕಡೆ ಒಂದೊಂದು ಅಡಿ ಅಗೆದು, ತಳದ ಒಣ ಮಣ್ಣು ಎರಡು ಚಮಚ ಬಟ್ಟಲಿಗೆ ಹಾಕಿ, ಮೇಲೆ ಅಡುಗೆ ವಿನೆಗರ್ ಬಿಡಿ. ಬುಸ್ಸಂತ ನೊರೆ ಬಂದರೆ ಸುಣ್ಣ ಇದೆ. ಬರದಿದ್ದರೆ ಅಗೆದು ಗೊಬ್ಬರ ಬೆರೆಸಿದರೆ ಮುಗೀತು.

5 ಅಡಿಯಲ್ಲಿ 3 ಅಡಿ ಮಡಿ, 2 ಅಡಿ ಓಡಾಡೋಕೆ. ಮೊದಲ ವರ್ಷ 3x8 ಅಡಿ ಒಂದೇ ಮಡಿ ಮಾಡಿ, 20 ಅಡಿ ಉದ್ದಕ್ಕೂ ಅಗೆಯೋಕೆ ಹೋಗಬೇಡಿ. ಒಂದು ಅಡಿ ಆಳ ಅಂದರೆ 24 ಘನ ಅಡಿ. ಮೂರರಲ್ಲಿ ಎರಡು ಪಾಲು ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ. ಖಾಲಿ ಸಿಮೆಂಟ್ ಚೀಲದ ಲೆಕ್ಕದಲ್ಲಿ 13 ಚೀಲ ಮಣ್ಣು, 6 ರಿಂದ 7 ಚೀಲ ಗೊಬ್ಬರ. ಜೊತೆಗೆ 2 ಕೆಜಿ ಬೇವಿನ ಹಿಂಡಿ. ಗೊಬ್ಬರ ಕಪ್ಪಗೆ ಪುಡಿಪುಡಿಯಾಗಿ ಮಣ್ಣಿನ ವಾಸನೆ ಬರಬೇಕು. ಸಗಣಿ ನಾತ ಇದ್ದರೆ, ಮುಟ್ಟಿದರೆ ಬಿಸಿ ಇದ್ದರೆ ಇನ್ನೂ ಕಳಿತಿಲ್ಲ ಅಂತ, ಬೇರು ಸುಡುತ್ತೆ. ಬಿಳಿ ಗೊಣ್ಣೆಹುಳು ಕಂಡರೆ ಆರಿಸಿ ತೆಗೀರಿ. ಬೆರೆಸಿದ ಮೇಲೆ ನೀರು ಹಾಯಿಸಿ ಹತ್ತು ದಿನ ಬಿಟ್ಟು ಬೀಜ ಹಾಕಿ.

ಬೇಸಿಗೆಯಲ್ಲಿ ಮಡಿ ನೆಲಕ್ಕಿಂತ ಎರಡು ಇಂಚು ತಗ್ಗಾಗಿರಲಿ, ನೀರು ನಿಂತು ಇಳಿಯುತ್ತೆ. ಜೂನ್ ಬಂದಾಗ ಅದನ್ನೇ ಏರಿಸಿ. ಚಿತ್ರದಲ್ಲಿ ಚೆಂದ ಕಾಣುತ್ತೆ ಅಂತ ಈಗಲೇ ಏರುಮಡಿ ಮಾಡಿದರೆ ನಾಲ್ಕೂ ಪಕ್ಕದಿಂದ ಒಣಗುತ್ತೆ. ಮೇಲೆ ರಾಗಿ ಹುಲ್ಲೋ ಕಬ್ಬಿನ ತರಗೋ ಎರಡು ಇಂಚು ಮುಚ್ಚಿಗೆ. ನಮ್ಮ ಕಡೆ ತರಗನ್ನ ಗದ್ದೆಯಲ್ಲೇ ಸುಡ್ತಾರೆ, ಕೇಳಿದರೆ ಪುಕ್ಕಟೆ ಕೊಡ್ತಾರೆ.

ಬೀಜದ_ಡಬ್ಬಿ (ಶ್ರೀರಂಗಪಟ್ಟಣ)

ಮಕ್ಕಳ ಪಟ್ಟಿಯಲ್ಲಿರೋ ಮೂರೂ ಈಗ ಆಗಲ್ಲ ಅಕ್ಕ. ಕ್ಯಾರೆಟ್‌ಗೆ ತಂಪು ಬೇಕು, ಅಕ್ಟೋಬರಲ್ಲಿ ನೋಡಿ. ಟೊಮ್ಯಾಟೊ ಗಿಡವೇನೋ ಬೆಳೆಯುತ್ತೆ, ಆದರೆ ಹಗಲು 35 ಡಿಗ್ರಿ ಹತ್ತಿರ ಹೋದಾಗ ಪರಾಗ ಕೆಟ್ಟು ಹೂ ಉದುರುತ್ತೆ, ಕಾಯಿ ಕಚ್ಚಲ್ಲ. ಮೇ ಕೊನೆಗೆ ಒಟ್ಲು (ಸಸಿ ಎಬ್ಬಿಸೋ ಮಡಿ) ಹಾಕಿ. ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡೋ ಜಾತಿ. ಈಗ ಹಾಕಿದರೆ ಬರೀ ಬಳ್ಳಿ ಹಬ್ಬಿಕೊಂಡು ಕೂತಿರುತ್ತೆ, ಹೇನಿಗೆ ಮನೆ. ಜುಲೈ, ಆಗಸ್ಟ್ ಅದರ ಕಾಲ. ಕಾಲದ ಹಂಗಿಲ್ಲದೆ ಹೂ ಬಿಡೋ ಹೆಬ್ಬಾಳ ಅವರೆ-3, 4 ತರಹದ ಗಿಡ್ಡ ತಳಿ ಇವೆ, ಆದರೆ ಸೊಗಡು ಬೇಕಂದ್ರೆ ಚಳಿಗಾಲದ ಅವರೆಯೇ.

ಈಗ ಹಾಕಬೇಕಾದ್ದು ಹರಿವೆ, ದಂಟು, ಬಸಳೆ, ಬೆಂಡೆ, ಅಲಸಂದೆ, ಗೋರಿಕಾಯಿ, ಹೀರೆ, ಹಾಗಲ. ಎಲ್ಲಾ ಒಟ್ಟಿಗೆ ಬೇಡ. ನಿಮ್ಮ 3x8 ಮಡಿಯಲ್ಲಿ ಒಂದು ತುದಿಗೆ 3 ಅಡಿ ಹರಿವೆ, ನಡುವೆ 4 ಅಡಿ ಬೆಂಡೆ, ಉಳಿದ ಒಂದು ಅಡಿಯಲ್ಲಿ ಎರಡು ಹೀರೆ. ಹೀರೆ ಬಳ್ಳಿ ಕಾಂಪೌಂಡಿಗೆ ಕಟ್ಟಿದ ನೈಲಾನ್ ಬಲೆ ಮೇಲೆ ಹೋಗಲಿ.

ಹರಿವೆ ಬೀಜ ತೀರಾ ಸಣ್ಣದು. ಅರ್ಧ ಚಮಚ ಬೀಜಕ್ಕೆ ಒಂದು ಹಿಡಿ ಒಣ ಮರಳು ಬೆರೆಸಿ ಎರಚಿ, ಕೈಯಲ್ಲಿ ಸವರಿ, ಗೋಣಿ ತಾಟು ಮುಚ್ಚಿ, ಅದರ ಮೇಲೆ ನೀರು ಚಿಮುಕಿಸಿ. ಮೂರನೇ ದಿನದಿಂದ ಸಂಜೆ ಸಂಜೆ ತಾಟು ಎತ್ತಿ ನೋಡಿ. ಮೊಳಕೆ ಕಂಡ ತಕ್ಷಣ ತೆಗೀಬೇಕು, ಒಂದು ದಿನ ತಡವಾದರೆ ಬಿಳಿಚಿಕೊಂಡು ಬಾಗುತ್ತೆ. ಇರುವೆ ಬೀಜ ಹೊತ್ತೊಯ್ಯದ ಹಾಗೆ ಅಂಚಿಗೆ ಬೂದಿ ಉದುರಿಸಿ. 25ರಿಂದ 30 ದಿನಕ್ಕೆ ಸೊಪ್ಪು. ಹದಿನೈದು ದಿನಕ್ಕೊಮ್ಮೆ ಅರ್ಧರ್ಧ ಜಾಗದಲ್ಲಿ ಬಿತ್ತಿದರೆ ಸಾಲು ತಪ್ಪಲ್ಲ.

ಬೆಂಡೆ ಬೀಜ ರಾತ್ರಿ ನೆನೆಸಿ, ಬೆಳಿಗ್ಗೆ ಮುಕ್ಕಾಲು ಇಂಚು ಆಳಕ್ಕೆ, ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಟ್ಟು ಊರಿ. ಒಟ್ಲು ಮಾಡಿ ಕಿತ್ತು ನೆಡಬೇಡಿ, ತಾಯಿಬೇರಿಗೆ ಪೆಟ್ಟು. ಐದು ಜನದ ಮನೆಗೆ ಹನ್ನೆರಡು ಗಿಡ ಬೇಕು. ಮೂರು ಗಿಡ ಇಟ್ಟರೆ ದಿನಕ್ಕೆ ಎರಡು ಕಾಯಿ ಬಂದು ಫ್ರಿಜ್ಜಲ್ಲಿ ಬಾಡುತ್ತೆ. ತಳಿ ಆರಿಸುವಾಗ ಅರ್ಕಾ ಅನಾಮಿಕ ಕೇಳಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯದು, ಹಳದಿ ನರ ರೋಗವನ್ನ ಸುಮಾರಾಗಿ ತಡೆಯುತ್ತೆ. 45ರಿಂದ 50 ದಿನಕ್ಕೆ ಕಾಯಿ. ದಿನ ಬಿಟ್ಟು ದಿನ ಕೊಯ್ಯಲೇಬೇಕು: ಒಂದು ಕಾಯಿ ಬಲಿತು ನಾರಾದರೂ ಗಿಡ ಬೀಜ ಕಟ್ಟೋದಕ್ಕೆ ತಿರುಗಿ ಹೊಸ ಹೂ ಕಡಿಮೆ ಮಾಡುತ್ತೆ.

ವಾಂಗಿಬಾತ್ ಪ್ರಿಯರಾಗಿದ್ದರೆ ಹಸಿರು ಉದ್ದನೆಯ ಈರನಗೆರೆ ಬದನೆ ಒಟ್ಲು ಈಗಲೇ ಟ್ರೇಯಲ್ಲಿ ಬಿಡಿ. ಏಪ್ರಿಲ್ ಮಧ್ಯದಿಂದ ಬರೋ ಅಶ್ವಿನಿ, ಭರಣಿ ಮಳೆ ಬಿದ್ದು ನೆಲ ತಣ್ಣಗಾದ ಮೇಲೆ ನಾಟಿ. ಆ ಮಳೆಗಳು ಗಾಳಿ, ಆಲಿಕಲ್ಲು ತರ್ತವೆ, ಹೀರೆ ಬಲೆ ಗಟ್ಟಿಯಾಗಿ ಕಟ್ಟಿರಿ. ಕೊತ್ತಂಬರಿ, ಮೆಂತ್ಯ ಅಡುಗೆಮನೆ ಡಬ್ಬಿಯದೇ ಸಾಕು, ಅರ್ಧ ನೆರಳಲ್ಲಿ ಹಾಕಿ. ಕೊತ್ತಂಬರಿ ಕಾಳನ್ನ ಚಪ್ಪಲಿ ಅಡಿ ಉಜ್ಜಿ ಎರಡು ಹೋಳು ಮಾಡಿ ಬಿತ್ತೋದು ಮರೀಬೇಡಿ.

ತಾರಸಿ_ತರಕಾರಿ (ವಿಜಯನಗರ, ಮೈಸೂರು)

ಮೇಲಿನವರು ಹೇಳಿದ ಮಣ್ಣಿನ ಲೆಕ್ಕ ನೆಲಕ್ಕೆ ಸರಿ, ಬ್ಯಾಗಿಗೆ ಹಾಗೇ ತುಂಬಬೇಡಿ. ಬರೀ ಕೆಂಪು ಮಣ್ಣು ಬ್ಯಾಗಲ್ಲಿ ಎರಡು ವಾರಕ್ಕೆ ಇಟ್ಟಿಗೆ ಆಗುತ್ತೆ, ನೀರು ಪಕ್ಕದಿಂದ ಜಾರಿ ಹೋಗುತ್ತೆ, ಭಾರವೂ ಜಾಸ್ತಿ. ಮಣ್ಣು, ತೊಳೆದ ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಸಮ ಸಮ, ಬ್ಯಾಗಿಗೊಂದು ಹಿಡಿ ಬೇವಿನ ಹಿಂಡಿ. 12x12 ಇಂಚಿನ ಬ್ಯಾಗು ಮೇಲೆ ಒಂದೂವರೆ ಇಂಚು ಬಿಟ್ಟು ತುಂಬಿದರೆ 19 ಲೀಟರ್ ಹಿಡಿಯುತ್ತೆ, ಒದ್ದೆಯಾದಾಗ 20 ಕೆಜಿ ದಾಟುತ್ತೆ. ಹಾಗಾಗಿ ತಾರಸಿಯ ನಡುವೆ ಗುಂಪು ಹಾಕದೆ ಗೋಡೆ, ಬೀಮ್ ಇರೋ ಅಂಚಿನಲ್ಲಿ ಸಾಲಾಗಿಡಿ. ಕೆಳಗೆ ಎರಡು ಇಟ್ಟಿಗೆ ಕೊಡಿ, ಇಲ್ಲದಿದ್ದರೆ ತೂತು ಮುಚ್ಚಿ ನೀರು ನಿಲ್ಲುತ್ತೆ, ಆರ್‌ಸಿಸಿ ಸದಾ ತೇವ. 5 ಕೆಜಿ ನಾರಿನ ಇಟ್ಟಿಗೆ 25 ಲೀಟರ್ ನೀರು ಕುಡಿದು 70 ಲೀಟರ್ ಹತ್ತಿರ ಉಬ್ಬುತ್ತೆ, ಹತ್ತು ಬ್ಯಾಗಿಗೆ ಒಂದು ಸಾಕು. ಎರಡು ಸಲ ನೀರು ಬದಲಿಸಿ ಹಿಂಡಿ, ಅದರಲ್ಲಿ ಉಪ್ಪಿರುತ್ತೆ.

ನೀರು: ಏಪ್ರಿಲಲ್ಲಿ 12 ಇಂಚಿನ ಬ್ಯಾಗಿಗೆ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್, ಅರ್ಧ ಬೆಳಿಗ್ಗೆ, ಅರ್ಧ ಸಂಜೆ. ನೆಲದ 3x8 ಮಡಿಗೆ ಮುಚ್ಚಿಗೆ ಇದ್ದರೆ ದಿನ ಬಿಟ್ಟು ದಿನ 20ರಿಂದ 25 ಲೀಟರ್, ಅಂದರೆ ಕಾವೇರಿ ನೀರು ಬರೋ ದಿನಕ್ಕೇ ಸರಿಹೋಗುತ್ತೆ. ಬೆರಳು ಒಂದು ಇಂಚು ಒಳಗೆ ಹಾಕಿ, ತೇವ ಇದ್ದರೆ ಹಾಕಬೇಡಿ. ಹೀರೆ ಎಲೆ ಮಧ್ಯಾಹ್ನ ಸೋತು ನೇತಾಡೋದು ನೋಡಿ ಪೈಪ್ ಹಿಡಿಯೋರು ಬಹಳ. ಸಂಜೆ ಆರಕ್ಕೆ ತಾನೇ ಎದ್ದು ನಿಂತರೆ ಅದು ಬಾಯಾರಿಕೆ ಅಲ್ಲ. ಬೆಳಿಗ್ಗೆಯೂ ಬಾಡಿದ್ದರೆ ಮಾತ್ರ ಬೇರು ನೋಡಿ. ಬೋರ್ ನೀರಲ್ಲಿ ಬ್ಯಾಗಿನ ಮೇಲೆ ಬಿಳಿ ಪೊರೆ ಕಟ್ಟಿದರೆ ಮೇಲಿನ ಅರ್ಧ ಇಂಚು ಕೆರೆದು ತೆಗೆದು, ಕಾವೇರಿ ನೀರು ತಳದಿಂದ ಹರಿದು ಹೋಗೋ ತನಕ ಒಮ್ಮೆ ಬಿಡಿ. ಅಕ್ಕಿ, ಬೇಳೆ ತೊಳೆದ ನೀರು ಧಾರಾಳ ಹಾಕಿ. ಆರ್‌ಒ ಫಿಲ್ಟರಿನಿಂದ ಹೊರಗೆ ಬಿಡೋ ನೀರು, ವಾಷಿಂಗ್ ಮಷೀನ್ ನೀರು ಬೇಡ.

ನೆರಳು ಪರದೆ ಸೊಪ್ಪಿಗೆ, ಒಟ್ಲಿಗೆ ಮಾತ್ರ. ಬೆಂಡೆ, ಅಲಸಂದೆಗೆ ಕಟ್ಟಿದರೆ ಉದ್ದುದ್ದ ಹೋಗಿ ಕಾಯಿ ಕಮ್ಮಿ.

ಹುಳದ ವಿಷಯ ಎರಡೇ ಮಾತು. ಅಲಸಂದೆ ಕುಡಿಗೆ ಕರಿ ಹೇನು, ಬದನೆಗೆ ಬಿಳಿ ಹಿಟ್ಟು ತಿಗಣೆ ಬಂದೇ ಬರುತ್ತೆ. ಮೊದಲು ನೀರಿನ ರಭಸಕ್ಕೆ ತೊಳೀರಿ, ಇರುವೆ ಹತ್ತೋ ದಾರಿ ತಪ್ಪಿಸಿ. ಆಮೇಲೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ. ಎಣ್ಣೆಯನ್ನ ಮೊದಲು ಕಾಲು ಚಮಚ ಸೋಪ್ ದ್ರಾವಣದಲ್ಲಿ ಹಾಲಿನ ಹಾಗೆ ಬೆಳ್ಳಗಾಗೋ ತನಕ ಕದಡಿ, ನಂತರ ನೀರು. ನೇರ ನೀರಿಗೆ ಬಿಟ್ಟರೆ ಎಣ್ಣೆ ಮೇಲೆ ತೇಲಿ, ಕೊನೆಗೆ ಬೀಳೋ ಗಿಡದ ಎಲೆ ಸುಡುತ್ತೆ. ಸಂಜೆ ಐದೂವರೆ ಮೇಲೆ, ಎಲೆಯ ಕೆಳಭಾಗಕ್ಕೆ.

ಹಿತ್ತಲಿಗೆ_ಹೊಸಬಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಿನೆಗರ್ ಹಾಕಿ ನೋಡಿದೆ. ಮನೆ ಗೋಡೆ ಕಡೆ ಜೋರಾಗಿ ನೊರೆ ಬಂತು, ಕಾಂಪೌಂಡ್ ಕಡೆ ಬರಲಿಲ್ಲ. ಅಲ್ಲೇ ಗೋಡೆ ಹತ್ತಿರ ಇರೋ ಕರಿಬೇವು ಗಿಡದ ಚಿಗುರು ಹಳದಿ, ನರ ಮಾತ್ರ ಹಸಿರು. ಇನ್ನೊಂದು, ಮಕ್ಕಳ ರಜೆಯಲ್ಲಿ ಐದು ದಿನ ಊರಿಗೆ ಹೋಗೋದಿದೆ, ಆಗ ನೀರಿಗೆ ಏನು ಮಾಡೋದು? ಹೀರೆಯಲ್ಲಿ ಬರೀ ಹೂವಾಗಿ ಉದುರುತ್ತೆ ಅಂತ ಪಕ್ಕದ ಮನೆಯವರು ಹೆದರಿಸ್ತಿದ್ದಾರೆ.

ಬೀಜದ_ಡಬ್ಬಿ

ಹೀರೆಗೆ ಮೊದಲ ಹತ್ತು ಹದಿನೈದು ದಿನ ಗಂಡು ಹೂವೇ ಬರೋದು, ಉದುರಲಿ ಬಿಡಿ. ಹೂವಿನ ಬುಡದಲ್ಲಿ ಬೆರಳುದ್ದದ ಪುಟ್ಟ ಕಾಯಿ ಇದ್ದರೆ ಹೆಣ್ಣು. ಆ ಕಾಯಿಯೂ ಹಳದಿಯಾಗಿ ಉದುರ್ತಿದ್ದರೆ ಪರಾಗ ತಲುಪಿಲ್ಲ ಅಂತ. ಹೀರೆ ಹೂ ಅರಳೋದೇ ಸಂಜೆ, ಐದರಿಂದ ಎಂಟರೊಳಗೆ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವೆ ಮೆತ್ತಗೆ ತಾಗಿಸಿ. ಅತ್ತೆಯವರು ಕುರ್ಚಿ ಹಾಕಿಕೊಂಡೇ ಮಾಡಬಹುದು. ಹಾಗಲ ಹಾಕಿದರೆ ಅದು ಬೆಳಿಗ್ಗೆ ಅರಳೋದು, ಹೊತ್ತು ಬದಲು. ಎಲೆ ಕಡುಹಸಿರಾಗಿ ದೊಡ್ಡದಾಗಿದ್ದು ಹೆಣ್ಣು ಹೂವೇ ಇಲ್ಲ ಅಂದ್ರೆ ಗೊಬ್ಬರ ಜಾಸ್ತಿಯಾಗಿದೆ, ನಿಲ್ಲಿಸಿ.

ತಾರಸಿ_ತರಕಾರಿ

ಐದು ದಿನಕ್ಕೆ ಬ್ಯಾಗುಗಳನ್ನ ನೆರಳಿಗೆ ತಂದು ಒಂದಕ್ಕೊಂದು ತಾಗಿಸಿಡಿ. ನಡುವೆ ಎತ್ತರದ ಸ್ಟೂಲ್ ಮೇಲೆ ತುಂಬಿದ ಬಕೆಟ್. ಹಳೇ ಕಾಟನ್ ಸೀರೆ ಅಂಚನ್ನ ಎರಡು ಇಂಚು ಅಗಲ ಹರಿದು, ಒದ್ದೆ ಮಾಡಿ, ಒಂದು ತುದಿ ಬಕೆಟಿನ ತಳಕ್ಕೆ ಮುಟ್ಟೋ ಹಾಗೆ ಕಲ್ಲು ಕಟ್ಟಿ ಬಿಡಿ, ಇನ್ನೊಂದು ತುದಿ ಮಣ್ಣಲ್ಲಿ ಮೂರು ಇಂಚು ಹೂಳಿ. ಹೊರಡೋದಕ್ಕೆ ಎರಡು ದಿನ ಮುಂಚೆಯೇ ಕಟ್ಟಿ ನೋಡಿ, ಬಟ್ಟೆ ದಪ್ಪ ಇದ್ದರೆ ಒಂದೇ ರಾತ್ರಿಗೆ ಬಕೆಟ್ ಖಾಲಿ. ಪಾಲಿಸ್ಟರ್ ನಡೆಯಲ್ಲ. ಎಳೆಗಾಯಿ ಸಮೇತ ಎಲ್ಲಾ ಕೊಯ್ದು ಹೋಗಿ.

ಪಾತಿ_ಮಡಿ

ನರ ಹಸಿರು, ನಡುವೆ ಹಳದಿ, ಅದೂ ಚಿಗುರಲ್ಲೇ ಅಂದರೆ ಕಬ್ಬಿಣದ ಕೊರತೆ. ಹಳೇ ಎಲೆ ಮೊದಲು ಹಳದಿ ಆಗಿದ್ದರೆ ಸಾರಜನಕದ್ದು ಅಂತಿದ್ದೆ. ಮಡಿಯನ್ನ ಕಾಂಪೌಂಡ್ ಕಡೆಗೆ ತಳ್ಳಿ, ಓಡಾಡೋ 2 ಅಡಿ ಮನೆ ಗೋಡೆ ಕಡೆ ಬರಲಿ. ಅಲ್ಲಿಗೆ ಆ ಮಣ್ಣಿನ ಗೋಜೇ ಬೇಡ.

ಕರಿಬೇವಿಗೆ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಅರ್ಧ ನಿಂಬೆಹಣ್ಣಿನ ರಸ, ಸೋಸಿ ಸಂಜೆ ಎಲೆಗೆ ಸಿಂಪಡಿಸಿ. ಹದಿನೈದು ದಿನಕ್ಕೊಮ್ಮೆ, ಮೂರು ಸಲ. ಆಗಾಗಲೇ ಕದಡಿಕೊಳ್ಳಿ, ನಾಳೆಗಿಟ್ಟರೆ ತುಕ್ಕಿನ ಬಣ್ಣಕ್ಕೆ ತಿರುಗಿ ಕೆಲಸಕ್ಕೆ ಬರಲ್ಲ. ಮಣ್ಣಿಗೆ ಸುರಿದರೆ ದಂಡ, ಸುಣ್ಣ ಅದನ್ನ ಹಿಡಿದಿಟ್ಟುಬಿಡುತ್ತೆ. ಸಿಂಪಡಿಸಿದ ಮೇಲೆ ಒಂದು ವಾರ ಆ ಸೊಪ್ಪು ಒಗ್ಗರಣೆಗೆ ಕೀಳಬೇಡಿ, ಆಮೇಲೂ ತೊಳೆದು ಹಾಕಿ. ಗೋಡೆಗೆ, ಗ್ರಾನೈಟಿಗೆ ಗೋಣಿ ಅಡ್ಡ ಹಿಡೀರಿ, ಅನ್ನಭೇದಿ ಕಲೆ ಬಿದ್ದರೆ ಹೋಗೋದು ಕಷ್ಟ.