ಬಿಸಿಯಾದ ಮೇಲೆ ನಿಲ್ಲುವ ಹಳೆಯ ಆರ್‌ಎಕ್ಸ್ 100: ತಗೊಳ್ಳಬಹುದಾ?

ಪ್ರಶ್ನೆ:

ನಮಸ್ಕಾರ. ಸುಂಟಿಕೊಪ್ಪದ ಹತ್ತಿರ ಒಂದು ತೋಟದಲ್ಲಿ 1994ರ ಯಮಹಾ ಆರ್‌ಎಕ್ಸ್ 100 ಮಾರಾಟಕ್ಕಿದೆ. ಕೆಎ 12 ನಂಬರ್. ಮೂರು ಮಳೆಗಾಲ ಕಾಫಿ ಕಣದ ಪಕ್ಕದ ಶೆಡ್ಡಿನಲ್ಲೇ ನಿಂತಿತ್ತಂತೆ. ಈಗ ಹೊಸ ಪೇಂಟ್ ಹೊಡೆಸಿದ್ದಾರೆ. ಭಾನುವಾರ ಹೋಗಿದ್ದೆ. ನಾನು ಹೋಗುವಷ್ಟರಲ್ಲಿ ಸ್ಟಾರ್ಟ್ ಮಾಡಿ ಇಟ್ಟಿದ್ದರು. ಮೊದಲು ಚೆನ್ನಾಗಿ ಎಳೆಯಿತು. ಮಡಿಕೇರಿ ಕಡೆ ಬೋಯಿಕೇರಿ ಏರು ಹತ್ತುವಾಗ ಎರಡು ಸಲ ಮುಗ್ಗರಿಸಿ ನಿಂತೇ ಹೋಯಿತು. ಎಷ್ಟು ಕಿಕ್ ಹೊಡೆದರೂ ಇಲ್ಲ. ಹದಿನೈದು ನಿಮಿಷ ಬಿಟ್ಟು ಹೊಡೆದರೆ ಎರಡನೇ ಕಿಕ್ಕಿಗೇ ಸ್ಟಾರ್ಟ್. ವಾಪಸ್ ಬರುವಾಗ ಮತ್ತೆ ಹಾಗೇ ಆಯಿತು. ಕಾರ್ಬರೇಟರ್ ಕ್ಲೀನ್ ಮಾಡಿದರೆ ಸರಿಹೋಗುತ್ತದೆ ಅಂತಾರೆ ಓನರ್. ನಿಜವಾ? ನಮ್ಮಪ್ಪನ ಹತ್ತಿರ ಇದೇ ಬೈಕ್ ಇತ್ತು. ಬಿಡಲು ಮನಸ್ಸಿಲ್ಲ.

ಉತ್ತರ:

ಅಡ್ವಾನ್ಸ್ ಕೊಡಬೇಡಿ. ಇನ್ನೊಮ್ಮೆ ಹೋಗಿ. ಈ ಸಲ ಫೋನ್ ಮಾಡಿ, ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ಹೋದ ಕೂಡಲೇ ಸಿಲಿಂಡರ್ ಮೇಲೆ ಕೈ ಇಟ್ಟು ನೋಡಿ. ತಣ್ಣಗಿರಬೇಕು. ತಣ್ಣಗಿರುವ ಎಂಜಿನ್ ಮೂರ್ನಾಲ್ಕು ಕಿಕ್ಕಿಗೆ ಹತ್ತಿಕೊಂಡರೆ ಒಳ್ಳೆಯದು. ಕಿಕ್ಕರನ್ನು ಕೈಯಿಂದ ಒತ್ತಿದಾಗ ಗಟ್ಟಿಯಾಗಿ ತಡೆಯಬೇಕು. ಸುಮ್ನೆ ಇಳಿದುಹೋದರೆ ಕಂಪ್ರೆಷನ್ ಇಲ್ಲ, ಅಂದರೆ ಸಿಲಿಂಡರ್ ಒಳಗೆ ಸವೆದಿದೆ, ಬೋರ್ ಕೆಲಸ ಕಾದಿದೆ ಅಂತ ಅರ್ಥ.

ಈಗ ನಿಮ್ಮ ಸಮಸ್ಯೆ. ಕಿಡಿ ಬರುತ್ತಿಲ್ಲ, ಇಲ್ಲವೇ ಪೆಟ್ರೋಲ್ ಬರುತ್ತಿಲ್ಲ. ಯಾವುದು ಅಂತ ರಸ್ತೆಯಲ್ಲೇ ಗೊತ್ತಾಗುತ್ತದೆ. ಪ್ಲಗ್ ಸ್ಪ್ಯಾನರ್, ಹೊಸ ಪ್ಲಗ್, ಒಂದು ದಪ್ಪ ಬಟ್ಟೆ ತಗೊಂಡು ಅದೇ ಏರು ಹತ್ತಿಸಿ. ನಿಂತ ತಕ್ಷಣ, ತಣ್ಣಗಾಗಲು ಬಿಡದೆ, ಟ್ಯಾಂಕ್ ಮುಚ್ಚಳ ತೆಗೆಯಿರಿ. ‘ಸ್ಸ್’ ಅಂತ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಬೈಕ್ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಅಷ್ಟೇ. ಸೂಜಿ ಹಾಕಿದರೆ ಮುಗಿಯಿತು. ಹಾಗಾಗದಿದ್ದರೆ ಪ್ಲಗ್ ಬಿಚ್ಚಿ. ಹೊಸ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಸಿಲಿಂಡರಿಗೆ ತಾಗುವ ಹಾಗೆ ಇಟ್ಟು ಕಿಕ್ ಹೊಡೆಯಿರಿ. ಪ್ಲಗ್ ತೂತಿನಿಂದ ದೂರ ಇಡಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ. ನೀಲಿ ಕಿಡಿ ಚಟ್ ಅಂತ ಹಾರಬೇಕು. ಹಾರದಿದ್ದರೆ ಮ್ಯಾಗ್ನೆಟ್ ಕಾಯಿಲ್, ಅಂದರೆ ಕಿಡಿಗೆ ಕರೆಂಟ್ ಕೊಡುವ ತಂತಿ ಸುತ್ತಿನ ಮೇಲೇ ಮೊದಲ ಅನುಮಾನ. ಹಳೆಯ ಸುತ್ತು ಬಿಸಿಗೆ ಹಿಗ್ಗಿ ಒಳಗೇ ಬಿಟ್ಟುಕೊಳ್ಳುತ್ತದೆ, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ಇದಕ್ಕೆ ಕಾರ್ಬರೇಟರ್ ಎಷ್ಟು ತೊಳೆದರೂ ಪ್ರಯೋಜನ ಇಲ್ಲ. ಕಿಡಿ ಚೆನ್ನಾಗಿದ್ದು, ಬಿಚ್ಚಿದ ಪ್ಲಗ್ ಒಣಗಿದ್ದರೆ ಟ್ಯಾಂಕಿನ ತುಕ್ಕು ಅದರ ಕೆಳಗಿನ ಪೆಟ್ರೋಲ್ ಕಾಕ್‌ನ ಫಿಲ್ಟರಿನಲ್ಲಿ ಕೂತಿರಬಹುದು. ಪೈಪ್ ಬಿಚ್ಚಿ ಗಾಜಿನ ಬಾಟಲಿಗೆ ಸ್ವಲ್ಪ ಪೆಟ್ರೋಲ್ ಬಿಡಿ. ಐದು ನಿಮಿಷ ಬಿಟ್ಟು ಬೆಳಕಿಗೆ ಹಿಡಿದು ನೋಡಿ, ತುಕ್ಕಿದ್ದರೆ ತಳದಲ್ಲಿ ಕೆಂಪು ಪುಡಿ ಕಾಣುತ್ತದೆ.

ಇದೆಲ್ಲ ರಿಪೇರಿ ಆಗುವಂಥದ್ದು. ನನಗೆ ಭಯ ಇರುವುದು ಆ ಹೊಸ ಪೇಂಟಿನ ಬಗ್ಗೆ.

ನಮ್ಮ ಕಡೆ ಬೈಕ್ ಓಡಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಜಾಸ್ತಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಗೋಡೆಗೆ ತೂಗುಹಾಕಿದ ಬೆಲ್ಟಿಗೇ ಬೂಸಲು ಬರುತ್ತದೆ, ಕಬ್ಬಿಣ ಉಳಿಯುತ್ತದಾ? ನಾನು ಮೊದಲ ಆರ್‌ಎಕ್ಸ್ ತಗೊಂಡಾಗ ಎಂಜಿನ್ ಸದ್ದು ಕೇಳಿಯೇ ಮರುಳಾಗಿಬಿಟ್ಟೆ. ಫಳಫಳ ಹೊಳೆಯುವ ಕಪ್ಪು ಪೇಂಟ್ ಬೇರೆ. ಎರಡು ತಿಂಗಳಾದ ಮೇಲೆ ಬ್ಯಾಟರಿ ಟ್ರೇ ಬಿಚ್ಚಿ, ಅದರ ಕೆಳಗಿನ ಫ್ರೇಮ್ ಪೈಪನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದೆ. ಪೇಂಟ್ ಹಪ್ಪಳದ ಹಾಗೆ ಮುರಿದು ಸ್ಕ್ರೂಡ್ರೈವರ್ ಒಳಗೇ ಹೋಯಿತು. ತುಕ್ಕಿನ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಪೇಂಟ್. ಅದೇ ಬೈಕಿನಲ್ಲಿ ಹೆಂಡತಿ, ಮಗುವನ್ನು ಕೂರಿಸಿಕೊಂಡು ಸಂಪಾಜೆ ಘಾಟಿ ಇಳಿದಿದ್ದೆ. ಇವತ್ತಿಗೂ ನೆನೆಸಿಕೊಂಡರೆ ಕೈ ನಡುಗುತ್ತದೆ.

ಅದಕ್ಕೇ ಸೀಟು, ಸೈಡ್ ಕವರ್ ಬಿಚ್ಚಿಸಿಯೇ ನೋಡಿ. ಬ್ಯಾಟರಿ ಕೆಳಗೆ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಫ್ರೇಮಿಗೆ ಸೇರುವ ಜಾಗ, ಹ್ಯಾಂಡಲ್ ಕತ್ತಿನ ಬೆಸುಗೆ, ಈ ಮೂರು ಕಡೆ ಟಾರ್ಚ್ ಹಿಡಿದು ನಿಧಾನವಾಗಿ ನೋಡಿ. ಸಣ್ಣ ಆಯಸ್ಕಾಂತ ಇದ್ದರೆ ಪೈಪ್ ಮೇಲೆ, ಟ್ಯಾಂಕ್ ಮೇಲೆ ಆಡಿಸಿ. ಹಿಡಿಯದ ಕಡೆ ಪುಟ್ಟಿ ಇದೆ. ಫ್ರೇಮ್ ತಿಂದುಹೋಗಿದ್ದರೆ ಅಪ್ಪನ ನೆನಪಿಗೂ ತಗೋಬೇಡಿ.

ಇನ್ನೊಂದು ವಿಷಯ. ಗೇರ್ ಎಷ್ಟು ಅಂತ ಎಣಿಸಿ. ಆರ್‌ಎಕ್ಸ್ 100ಕ್ಕೆ ನಾಲ್ಕೇ ಗೇರ್. ಐದಿದ್ದರೆ ಅದು ಆರ್‌ಎಕ್ಸ್ 135ರ ಎಂಜಿನ್ ಇರಬಹುದು.

ಪ್ರಶ್ನೆ ಕೇಳಿದವರು:

ಹೋಗಿ ಬಂದೆ. ತುಂಬಾ ಥ್ಯಾಂಕ್ಸ್. ಬಿಸಿಯಾಗಿ ನಿಂತಾಗ ಹೊಸ ಪ್ಲಗ್ಗಿನಲ್ಲೂ ಕಿಡಿ ಸ್ವಲ್ಪವೂ ಇಲ್ಲ. ತಣ್ಣಗಾದ ಮೇಲೆ ಬಂತು. ಬ್ಯಾಟರಿ ಟ್ರೇ ಬಿಚ್ಚಿ ನೋಡಿದೆ. ಮೇಲ್ಮೈ ತುಕ್ಕು ಇದೆ, ಪೈಪ್ ಗಟ್ಟಿಯಿದೆ, ಆಯಸ್ಕಾಂತ ಎಲ್ಲ ಕಡೆ ಹಿಡಿಯಿತು. ಗೇರ್ ನಾಲ್ಕೇ. ಆದರೆ ಆರ್‌ಸಿ ಓನರ್ ಹೆಸರಲ್ಲಿಲ್ಲ. ತೀರಿಹೋದ ಅವರ ತಂದೆಯ ಹೆಸರಲ್ಲೇ ಇದೆ. ಪರವಾಗಿಲ್ಲ, ಆಮೇಲೆ ಮಾಡಿಸೋಣ ಅಂತಾರೆ.

ಉತ್ತರ:

ಫ್ರೇಮ್ ಗಟ್ಟಿ ಅಂತ ಕೇಳಿ ಸಮಾಧಾನವಾಯಿತು. ಕಾಯಿಲ್ ಮತ್ತು ಕೂಲಿಯ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಿ.

ಆರ್‌ಸಿ ವಿಷಯದಲ್ಲಿ ಮಾತ್ರ ‘ಆಮೇಲೆ’ ಬೇಡ. ತೀರಿಹೋದವರು ಸಹಿ ಹಾಕಲು ಆಗುವುದಿಲ್ಲ ಅಲ್ವಾ? ಮೊದಲು ಫಾರಂ 31ರಲ್ಲಿ (ಮಾಲೀಕರು ತೀರಿಹೋದಾಗ ಹಾಕುವ ವರ್ಗಾವಣೆ ಅರ್ಜಿ) ಮಗನ ಹೆಸರಿಗೆ ಬರಬೇಕು. ಆಮೇಲೆ ಮಾರಾಟದ ವರ್ಗಾವಣೆಯ ಫಾರಂ 29, 30ಕ್ಕೆ ಅವರು ಸಹಿ ಹಾಕಿ ನಿಮ್ಮ ಹೆಸರಿಗೆ. ನೋಂದಣಿ ನವೀಕರಣದ ತಾರೀಕೂ ನೋಡಿ. ಬೈಕ್ 1994ರದ್ದು, ಮೊದಲ ಹದಿನೈದು ವರ್ಷ 2009ಕ್ಕೆ ಮುಗಿದಿದೆ. ಅಲ್ಲಿಂದ ಐದೈದು ವರ್ಷಕ್ಕೊಮ್ಮೆ ಮಾಡಿಸಿರಬೇಕು. ಬಿಟ್ಟಿದ್ದರೆ ದಂಡ ಯಾರು ಕಟ್ಟುತ್ತಾರೆ ಅಂತ ಈಗಲೇ ಮಾತಾಡಿಕೊಳ್ಳಿ.

ಹ್ಯಾಂಡಲ್ ಕತ್ತಿನ ಹತ್ತಿರ ಚಾಸಿ ನಂಬರ್ ಇರುತ್ತದೆ. ಹೊಸ ಪೇಂಟ್ ಅದರ ಮೇಲೂ ಕೂತಿರಬಹುದು. ಥಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಂದೊಂದೇ ಅಂಕಿ ಆರ್‌ಸಿ ಜೊತೆ ಹೋಲಿಸಿ. ಎಂಜಿನ್ ನಂಬರನ್ನೂ ಹಾಗೇ ನೋಡಿ. ಎರಡೂ ಸರಿಯಿದ್ದು, ಆರ್‌ಸಿ ಮಗನ ಹೆಸರಿಗೆ ಬಂದ ದಿನ ದುಡ್ಡು ಕೊಡಿ.