‘ಸ್ಮರಣಾರ್ಥ ನಾಣ್ಯ’: ಖರ್ಚಿಗೆಂದೇ ಬಿಟ್ಟದ್ದಕ್ಕೆ ಬೇರೆ ಹೆಸರುಂಟೆ?

ಎಲ್ಲರಿಗೂ ನಮಸ್ಕಾರ.

ಜರ್ಮನಿಯಲ್ಲಿ ಬೆಳೆಯುತ್ತಿರುವ ನಮ್ಮ ಕನ್ನಡದ ಮಕ್ಕಳಿಗಾಗಿ ಯೂರೋ ನಾಣ್ಯಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದೆ. ಬಲ್ಲವರು ನೆರವಾಗಬೇಕು.

2 ಯೂರೋ ನಾಣ್ಯದ ಒಂದು ಮುಖದಲ್ಲಿ ಯುರೋಪಿನ ನಕ್ಷೆ, ಅದು ಎಲ್ಲ ದೇಶಗಳಿಗೂ ಒಂದೇ. ಇನ್ನೊಂದು ಮುಖ ಆಯಾ ದೇಶದ್ದು. 2004ರಲ್ಲಿ ಗ್ರೀಸ್ ಅಥೆನ್ಸ್ ಒಲಿಂಪಿಕ್ಸ್‌ಗೆಂದು ತನ್ನ ಮುಖದಲ್ಲಿ ಡಿಸ್ಕಸ್ ಎಸೆಯುವವನನ್ನು ಅಚ್ಚುಹಾಕಿಸಿತು. ಈ ಬಗೆಯ ನಾಣ್ಯಗಳಲ್ಲಿ ಅದೇ ಮೊದಲನೆಯದು. ಈಗ ಒಂದೊಂದು ದೇಶ ವರ್ಷಕ್ಕೆ ಎರಡನ್ನು ಹೊರತರಬಹುದು. ಯಾವ ದೇಶದ್ದೇ ಇರಲಿ, ಯೂರೋ ಬಳಸುವ ಎಲ್ಲ ದೇಶಗಳಲ್ಲೂ ಅದನ್ನು ಕೊಟ್ಟು ಹಾಲು, ಬ್ರೆಡ್ಡು ತರಬಹುದು.

ನಮ್ಮ ಪತ್ರಿಕೆಗಳು ಇದಕ್ಕೆ ‘ಸ್ಮರಣಾರ್ಥ ನಾಣ್ಯ’ ಎನ್ನುತ್ತವೆ. 2023ರಲ್ಲಿ ಹೊಸ ಸಂಸತ್ ಭವನಕ್ಕೆಂದು ಬಂದ 75 ರೂಪಾಯಿಯ ನಾಣ್ಯಕ್ಕೂ ಅದೇ ಹೆಸರು. ಅದನ್ನು ಯಾರೂ ತರಕಾರಿ ಅಂಗಡಿಗೆ ಒಯ್ಯುವುದಿಲ್ಲ. 1964ರ ನೆಹರೂ ನಾಣ್ಯವಾದರೋ ಜನರ ಕೈಯಲ್ಲಿ ಓಡಾಡಿದ್ದು. ಅದಕ್ಕೂ ಇದೇ ಹೆಸರು ಅಂದರೆ ಹೇಗೆ?

ಈ ತೊಡಕು ನನಗೆ ಸರಿಯಾಗಿ ತಟ್ಟಿದ್ದು ಬೆಲ್ಜಿಯಮ್ಮಿನ ಕತೆ ಬರೆಯುವಾಗ. ವಾಟರ್ಲೂ ಯುದ್ಧಕ್ಕೆ 200 ವರ್ಷ ತುಂಬಿದ 2015ರಲ್ಲಿ ಬೆಲ್ಜಿಯಂ 2 ಯೂರೋ ನಾಣ್ಯ ಹೊರತರಲು ಹೊರಟಿತು. ತನ್ನ ಸೋಲಿನ ನೆನಪು ತನ್ನದೇ ಜನರ ಜೇಬಿಗೆ ಬರುವುದನ್ನು ಫ್ರಾನ್ಸ್ ಒಪ್ಪಲಿಲ್ಲ. ಬೆಲ್ಜಿಯಂ ಅದನ್ನು ಕೈಬಿಟ್ಟು, ಎಂದಿನ ನಾಣ್ಯಗಳಲ್ಲಿ ಇಲ್ಲವೇ ಇಲ್ಲದ ಎರಡೂವರೆ ಯೂರೋ ಮುಖಬೆಲೆಯ ನಾಣ್ಯ ಟಂಕಿಸಿತು. ಅಂಥದ್ದಕ್ಕೆ ಬೇರೆಯವರ ಒಪ್ಪಿಗೆ ಬೇಡ, ಆದರೆ ಅದು ಬೆಲ್ಜಿಯಂ ಗಡಿಯೊಳಗಷ್ಟೇ ಸಲ್ಲುತ್ತದೆ. ಎರಡನ್ನೂ ‘ಸ್ಮರಣಾರ್ಥ ನಾಣ್ಯ’ ಎಂದು ಬರೆದೆ. ಓದಿದ ಹುಡುಗಿ, “ಹಾಗಾದ್ರೆ ಬದಲಾಗಿದ್ದು ಏನು?” ಅಂದಳು.

‘ಸ್ಮಾರಕ ನಾಣ್ಯ’ ನನಗೆ ಒಗ್ಗುತ್ತಿಲ್ಲ. ಜರ್ಮನಿಯ 2006ರ ನಾಣ್ಯದಲ್ಲಿ ಲ್ಯೂಬೆಕ್ ನಗರದ ಹಳೆಯ ಹೆಬ್ಬಾಗಿಲಿದೆ. ಸ್ಮಾರಕ ಎಂದರೆ ಆ ಬಾಗಿಲೋ, ನಾಣ್ಯವೋ? ‘ಸ್ಮರಣಿಕೆ’ ಎಂದರಂತೂ ಶಾಲು, ಹಾರದ ಜೊತೆ ಕೊಡುವ ಫಲಕವೇ ಕಣ್ಣಿಗೆ ಬರುತ್ತದೆ.

ಹಾಸನದಿಂದ ಅಮ್ಮ ಬಂದಿದ್ದಾಗ ಬೇಕರಿಯಲ್ಲಿ ಚಿಲ್ಲರೆಯೊಂದಿಗೆ ಇದೇ ಹೆಬ್ಬಾಗಿಲಿನ ನಾಣ್ಯ ಬಂತು. ಬೆಳ್ಳಿ ಬಣ್ಣದ ಬಳೆ, ನಡುವೆ ಹಳದಿ ಬಿಲ್ಲೆ, ಬಾಗಿಲಿನ ಎರಡು ಗೋಪುರಗಳ ತುದಿ ಸವೆದು ನುಣ್ಣಗಾಗಿತ್ತು. ಅಮ್ಮ ಹೆಬ್ಬೆರಳಲ್ಲಿ ಒರೆಸಿ ನೋಡಿ, “ಇದು ಬೇರೆ ಥರ ಇದೆಯಲ್ಲೋ, ಓಡುತ್ತಾ?” ಎಂದರು. ಊರಲ್ಲಿ ಹತ್ತು ರೂಪಾಯಿ ನಾಣ್ಯಕ್ಕೆ ಪಟ್ಟ ಪಾಡು ಅವರಿಗೆ ಮರೆತಿರಲಿಲ್ಲ. ಹದಿನಾಲ್ಕು ವಿನ್ಯಾಸಗಳೂ ಸಲ್ಲುತ್ತವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದ್ದರೂ ಅಂಗಡಿಗಳಲ್ಲಿ ತಕರಾರು ನಿಂತಿರಲಿಲ್ಲ.

ಅಮ್ಮನ ಆ ‘ಓಡು’ ನನಗೆ ಬಹಳ ಹಿಡಿಸಿತು. ‘ಓಡುನಾಣ್ಯ’ ಎಂದು ಕಟ್ಟಿ ನೋಡಿದೆ. ಆದರೆ ಬರಹದಲ್ಲಿ ಹೆಂಚೋ ಆಮೆಯ ಚಿಪ್ಪೋ ನೆನಪಾಗುತ್ತದೆ. ಸದ್ಯಕ್ಕೆ ಕೈಯಿಂದ ಕೈಗೆ ಹೋಗುವುದಕ್ಕೆ ‘ನೆನಪಿನ ಚಲಾವಣೆ ನಾಣ್ಯ’, ಪೆಟ್ಟಿಗೆಯಲ್ಲಿಟ್ಟು ಮಾರುವುದಕ್ಕೆ ‘ಸಂಗ್ರಹದ ನಾಣ್ಯ’ ಎಂದಿಟ್ಟುಕೊಂಡಿದ್ದೇನೆ. ಮೊದಲನೆಯದು ಬಾಯಿಗೆ ಉದ್ದವಾಯಿತು.

ಹುಬ್ಬಳ್ಳಿ, ಬೆಳಗಾವಿ ಕಡೆಯವರು ‘ಚಾಲ್ತಿ’ ಎನ್ನುವುದನ್ನು ಕೇಳಿದ್ದೇನೆ. ‘ಚಾಲ್ತಿ ನಾಣ್ಯ’ ಎಂದರೆ ಈಗ ಓಡುವ ನಾಣ್ಯ ಎಂದೇ ನಿಮ್ಮ ಕಿವಿಗೆ ಕೇಳುತ್ತದೆಯೆ, ಇಲ್ಲ ‘ಚಾಲ್ತಿ ವರ್ಷ’ ಎಂಬಂತೆ ಈ ವರ್ಷ ಟಂಕಿಸಿದ್ದು ಎಂದೆ?