ತಿಮಿಂಗಿಲದ ಅಜ್ಜನಲ್ಲ, ದಾಯಾದಿ

ಭಾವನವರಿಗೆ ನಮಸ್ಕಾರ. ಇಷ್ಟನ್ನು ಟೈಪ್ ಮಾಡುವುದು ನನ್ನ ಬೆರಳುಗಳಿಂದಾಗದ ಕೆಲಸ, ಆದ್ದರಿಂದ ಧ್ವನಿಯಲ್ಲೇ ಕಳುಹಿಸುತ್ತಿದ್ದೇನೆ. ಸ್ವಲ್ಪ ದೀರ್ಘವಾದೀತು, ಬಿಡುವಾದಾಗ ಕೇಳಿ. ನಿನ್ನೆ ಶ್ರೇಯಾ ಶಾಲೆಗೆಂದು ಬರೆದು ಗುಂಪಿಗೆ ಹಾಕಿದ ಚಿತ್ರದಲ್ಲಿ ಬೆಕ್ಕಿನ ಗಾತ್ರದ, ಜಿಂಕೆಯಂತಹ ಪ್ರಾಣಿಯೊಂದು ಸಮುದ್ರದ ದಡದಲ್ಲಿ ನಿಂತಿದೆ; ಕೆಳಗೆ ‘ಇಂಡೋಹೈಯಸ್, ತಿಮಿಂಗಿಲದ ಅಜ್ಜ’ ಎಂದಿದೆ. ಯಾವುದೋ ಸುಳ್ಳು ಫಾರ್ವರ್ಡ್ ನೋಡಿ ಬರೆದಿರಬೇಕೆಂದು ತಾವು ಹೇಳಿದಿರಿ. ಸುಳ್ಳಲ್ಲ ಭಾವ, ತಪ್ಪಿರುವುದು ‘ಅಜ್ಜ’ ಎಂಬ ಮಾತು.

ಜಮ್ಮು ಪ್ರಾಂತದ ಕಾಲಾಕೋಟ್ ಬಳಿ ದೊರೆತ ಈ ಪ್ರಾಣಿಗೆ 1971ರಲ್ಲಿ ಹೆಸರಿಟ್ಟವರು ಭೂವಿಜ್ಞಾನಿ ಎ. ರಂಗರಾವ್. ಅದು ಬದುಕಿದ್ದುದು ಸುಮಾರು 4.8 ಕೋಟಿ ವರ್ಷಗಳ ಹಿಂದೆ; ಅಷ್ಟು ಹೊತ್ತಿಗೆ ಡೈನೋಸಾರ್‌ಗಳು ಅಳಿದೇ 1.8 ಕೋಟಿ ವರ್ಷಗಳಾಗಿದ್ದವು. ರಂಗರಾವ್ ಹೊತ್ತು ತಂದಿದ್ದ ಕಲ್ಲುಗಳಲ್ಲಿ ಬಹಳಷ್ಟನ್ನು ಒಡೆದು ನೋಡುವ ಮೊದಲೇ ಅವರು ತೀರಿಕೊಂಡರು. ಆ ಕಲ್ಲುಗಳನ್ನು ಜೋಪಾನ ಮಾಡಿದ ಅವರ ಪತ್ನಿ, ಮುಂದೆ ಅಮೆರಿಕದ ಓಹಿಯೋದಲ್ಲಿದ್ದ ವಿಜ್ಞಾನಿ ಹಾನ್ಸ್ ಥೇವಿಸನ್ ಅವರಿಗೆ ಒಪ್ಪಿಸಿದರು. ಈ ವೃತ್ತಾಂತದಲ್ಲಿ ಆ ತಾಯಿಗೆ ಸಲ್ಲಬೇಕಾದ ಪಾಲು ದೊಡ್ಡದೆಂದು ನನ್ನ ಭಾವನೆ.

ಅಲ್ಲಿ ಕಲ್ಲು ಬಿಡಿಸುತ್ತಿದ್ದ ಸಹಾಯಕನ ಕೈಯಲ್ಲಿ ಒಂದು ತಲೆಬುರುಡೆಯ ಕಿವಿಯ ಮೂಳೆ ಅಚಾತುರ್ಯದಿಂದ ಮುರಿಯಿತು. ಮುರಿದದ್ದೇ ಒಳ್ಳೆಯದಾಯಿತು. ಕವಡೆಯೊಂದನ್ನು ಅಂಗೈಯಲ್ಲಿ ಮಗುಚಿ ಹಿಡಿದಂತೆ ಭಾವಿಸಿಕೊಳ್ಳಿ: ನಡುಕಿವಿಯನ್ನು ಮುಚ್ಚುವ ಆ ಪುಟ್ಟ ಬಟ್ಟಲಿನ ಹೊರಗೋಡೆ ತೆಳ್ಳಗಿತ್ತು, ಒಳಗೋಡೆ ಮಾತ್ರ ದಪ್ಪನಾಗಿ ಉಬ್ಬಿತ್ತು. ಅಲ್ಲಿಯವರೆಗೆ ಅಂತಹ ಗೋಡೆ ತಿಮಿಂಗಿಲ ಮತ್ತು ಡಾಲ್ಫಿನ್‌ಗಳ ಕುಲದಲ್ಲಲ್ಲದೆ ಬೇರೆಲ್ಲೂ ಕಂಡಿರಲಿಲ್ಲ. ಕಾಲಿನ ಮೂಳೆಗಳನ್ನು ಅಡ್ಡಲಾಗಿ ಕೊಯ್ದಾಗ, ನೀರಾನೆಯ ಮೂಳೆಗಳಲ್ಲಿರುವಂತೆ ಹೊರಪದರ ದಪ್ಪವಾಗಿಯೂ ಮಜ್ಜೆಯ ಪೊಳ್ಳು ಕಿರಿದಾಗಿಯೂ ಇತ್ತು. ತೇಲಿಹೋಗದೆ ತಳದ ಮೇಲೆ ನಡೆಯಲು ಆ ಭಾರವೇ ಆಸರೆ. ಹಲ್ಲಿನಲ್ಲಿದ್ದ ಆಮ್ಲಜನಕದ ಐಸೋಟೋಪುಗಳೂ, ಅಂದರೆ ತೂಕದಲ್ಲಿ ತುಸು ಬೇರೆಯಾದ ಆಮ್ಲಜನಕದ ಪರಮಾಣುಗಳೂ, ನೀರಿನ ಒಡನಾಟವನ್ನೇ ಹೇಳಿದವು. ಇವೆಲ್ಲ 2007ರ ಡಿಸೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದವು.

ಇನ್ನು ‘ಅಜ್ಜ’ ಎಂಬ ಮಾತು. ಇಂಡೋಹೈಯಸ್‌ಗಿಂತ ಹಳೆಯದಾದ, ನಾಲ್ಕು ಕಾಲಿನ ಪ್ಯಾಕಿಸೀಟಸ್ ಎಂಬ ತಿಮಿಂಗಿಲ ಪಾಕಿಸ್ತಾನದಲ್ಲಿ ದೊರೆತಿದೆ. ಮೊಮ್ಮಗನಿಗಿಂತ ಅಜ್ಜ ಕಿರಿಯನಾಗಿರಲು ಸಾಧ್ಯವೇ? ಆದ್ದರಿಂದ ಇದು ಒಂದೇ ಮೂಲದಿಂದ ಕವಲೊಡೆದ ದಾಯಾದಿ. ಇದರ ಕುಟುಂಬಕ್ಕೆ ರಂಗರಾವ್ ಅವರ ಗೌರವಾರ್ಥವಾಗಿಯೇ ‘ರಾವೆಲ್ಲಿಡೇ’ ಎಂಬ ಹೆಸರಿದೆ.

ಜಿಂಕೆಯಂತಹ ಪ್ರಾಣಿಗೆ ನೀರಿನಲ್ಲೇನು ಕೆಲಸ ಎಂದೂ ತಾವು ಕೇಳಿದ್ದಿರಿ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿರುವ ಮೌಸ್ ಡೀರ್‌ನ ಆಫ್ರಿಕದ ನೆಂಟನೊಂದು ಹದ್ದು ಎರಗಿದರೆ ಇಂದಿಗೂ ಹೊಳೆಗೆ ಧುಮುಕಿ ಮುಳುಗಿಕೊಳ್ಳುತ್ತದೆ. ಇಂಡೋಹೈಯಸ್ ಕೂಡ ಹಾಗೆ ಪ್ರಾಣಭಯದಿಂದಲೇ ನೀರಿಗಿಳಿದಿರಬಹುದೆಂದು ಥೇವಿಸನ್ ಅವರ ಊಹೆ.

ಶ್ರೇಯಾ, ನೀನು ‘ಅಜ್ಜ’ ಎಂದಿರುವಲ್ಲಿ ‘ದಾಯಾದಿ’ ಎಂದು ತಿದ್ದಿಬಿಡು. ಹಿಂದೆ ಬರೆದಿರುವ ಸಮುದ್ರದ ಅಲೆಗಳನ್ನೂ ಅಳಿಸು ಮಗಳೇ. ಕಾಲಾಕೋಟ್‌ನ ಆ ಮೂಳೆಗಳು ಹೂತಿದ್ದುದು ಸಿಹಿನೀರಿನ ಹೊಳೆಯ ಹೂಳಿನಲ್ಲಿ.